ಎಣ್ಣೆಗೈ

"ಹೋಗ್ತಾನೇ ಇಲ್ಲ ಕಣೇ ಈ ಕರಿ," ಎನ್ನುತ್ತ ಸೋದರತ್ತೆ ಹೆಣದ ಉಗುರುಗಳನ್ನು ಹಳೇ ಬ್ರಷ್ಷಿನಿಂದ ಇನ್ನಷ್ಟು ಜೋರಾಗಿ ಉಜ್ಜಿದಳು. "ಥೂ! ಹೆಂಗಸಿನ ಕೈಯಾ ಇದು? ನೋಡಿದೋರು ಏನಂದಾರು?"

ಮಗಳು ಬ್ರಷ್ ಕಿತ್ತುಕೊಂಡಳು. "ಬಿಡಿ ಅತ್ತೆ. ಅಮ್ಮನ ಆ ಕೈ ದುಡಿದು ಹಾಕಿದ್ದನ್ನೇ ಎಲ್ರೂ ತಿಂದಿದ್ದು."

ಅಂಗಳದಲ್ಲಿ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಂದವರಿಗೆಲ್ಲ ಒಂದೇ ರಾಗ ಹಾಡುತ್ತಿದ್ದ. "ಸ್ಕೂಲ್ ಮಕ್ಕಳನ್ನ ಕರ್ಕೊಂಡು ಹೋಗೋ ಗಾಡಿ ಅಲ್ವಾ? ಅವಳಿಗೇನು, ಓಡಿಸೋದಷ್ಟೇ. ರಿಪೇರಿ, ಎಣ್ಣೆ, ಎಲ್ಲಾ ನಾನೇ. ಕೂಸಿನ ಥರ ನೋಡ್ಕೊಂಡೆ."

"ನಿಮ್ಮಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು," ಎಂದು ಪಕ್ಕದ ಮನೆಯಾತ ಮೂಗೊರೆಸಿಕೊಂಡ.

ಒಳಗಿದ್ದ ಮಗಳು ಕಿಟಕಿ ಎಳೆದು ಮುಚ್ಚಿದಳು.

*

ಆ ಹಳೇ ಕಾರಿನ ಪವರ್ ಸ್ಟೀರಿಂಗ್ ಎಣ್ಣೆ ಸೋರತೊಡಗಿದಾಗ ಮಗಳಿನ್ನೂ ಕಾಲೇಜಿನಲ್ಲಿದ್ದಳು. ಗಾಡಿ ನಿಂತಲ್ಲೆಲ್ಲ ಕೆಂಪು ಕಲೆ. ತಿರುವಿನಲ್ಲಿ ನರಳುವ ಸದ್ದು. ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಅಮ್ಮನ ರಟ್ಟೆ ಬಿದ್ದುಹೋಗುತ್ತಿತ್ತು. ಹೇಳಿದರೆ ಅಪ್ಪ ಪೇಪರಿನಿಂದ ತಲೆಯೆತ್ತದೆ, "ತಿರುಗುತ್ತಲ್ಲ? ಮತ್ತೇನು?" ಎನ್ನುತ್ತಿದ್ದ.

ಒಂದು ಸಂಜೆ, ಹಿಂದಿನ ಸೀಟಿನ ತುಂಬ ಮಕ್ಕಳಿರುವಾಗಲೇ, ಸ್ಟೀರಿಂಗ್ ಕಲ್ಲಾಯಿತು. ಕಾರು ಗೋಡೆಗೆ ಗೀಚಿಕೊಂಡು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅಮ್ಮ ಮಕ್ಕಳನ್ನು ನಡೆಸಿಕೊಂಡು ಹೋಗಿ ಮನೆ ಮುಟ್ಟಿಸಿದಳು. ಕಾರನ್ನು ತೆವಳಿಸಿಕೊಂಡು ಬಂದು, ಅದು ತಣ್ಣಗಾದ ಮೇಲೆ, ಗೋಣಿಚೀಲ ಹಾಸಿ ಕೆಳಗೆ ನುಸುಳಿದಳು. ಜಿಡ್ಡೆಲ್ಲ ಒರೆಸಿ, ಎಂಜಿನ್ ಚಾಲೂ ಮಾಡಲು ಮಗಳಿಗೆ ಹೇಳಿದಳು.

"ಸ್ಟೀರಿಂಗ್ ಪೂರ್ತಿ ತಿರುಗಿಸೇ... ಇನ್ನೂ... ಹಾಂ, ಸಿಕ್ದ ಕಳ್ಳ!"

ಪಂಪಿನಿಂದ ಹೊರಟ ರಬ್ಬರ್ ಪೈಪು ಬಾಯಲ್ಲೇ ಸೀಳಿಹೋಗಿತ್ತು. ಮರುದಿನ ಹೊಸ ಪೈಪು ಕೂರಿಸಿ, ಎಣ್ಣೆ ತುಂಬಿ, ನೊರೆ ಅಡಗುವವರೆಗೂ ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದಳು. ಹುಬ್ಬಿನ ಮೇಲೂ ಎಣ್ಣೆ. ಮುಖದಲ್ಲಿ ಮದುವೆ ಫೋಟೋದಲ್ಲೂ ಇಲ್ಲದ ನಗು.

ಅಪ್ಪ ಬಾಗಿಲಲ್ಲೇ ಮೂಗು ಮುಚ್ಚಿಕೊಂಡ. "ಈ ನಾತ ಹೊತ್ಕೊಂಡು ರೂಮಿಗೆ ಬರ್ಬೇಡ."

ಅಮ್ಮ ಹಾಸಿಗೆ ಸುತ್ತಿಕೊಂಡು ನಡುಮನೆಗೆ ಬಂದಳು. ಅಂದಿನಿಂದ ಗಾಡಿಯ ಕೆಲಸವೆಲ್ಲ ಅವಳದೇ, ರಾತ್ರಿ ನಡುಮನೆಯೂ ಅವಳದೇ. ನಿನ್ನೆ ಬೆಳಿಗ್ಗೆ ಏಳದೇ ಹೋದದ್ದೂ ಅಲ್ಲೇ. ಪೇಪರ್ ತರಲು ಅವಳನ್ನು ದಾಟಿಕೊಂಡೇ ಹೋಗಿಬಂದ ಅಪ್ಪ, ಕಾಫಿ ಯಾಕೆ ತಡವಾಯಿತೆಂದು ಕೂಗಿದ್ದ.

*

ಹೆಣ ಒಯ್ಯುವ ವ್ಯಾನು ಗೇಟಿಗೆ ಬಂತು. ಕಾರು ಅಡ್ಡವಾಗಿತ್ತು.

"ಯಾರಾದ್ರೂ ಗಾಡಿ ತೆಗೀರಪ್ಪಾ," ಎಂದ ವ್ಯಾನಿನವ.

ಮಗಳು ಕೀಲಿಕೈ ಚಾಚಿದಳು. "ಅಪ್ಪ ತೆಗೀತಾರೆ. ನೋಡ್ಕೊಂಡಿದ್ದು ಅವರೇ ಅಲ್ವಾ?"

ಎಲ್ಲರೂ ಅವನತ್ತ ತಿರುಗಿದರು. ಅಪ್ಪ ಕೀಲಿಕೈ ಇಸಿದುಕೊಂಡು ಕಾರಿನ ಬಾಗಿಲು ತೆಗೆದ. ಅಮ್ಮನ ಗಿಡ್ಡ ಕಾಲಿಗೆಂದು ಸೀಟು ಪೂರ್ತಿ ಮುಂದಕ್ಕಿತ್ತು. ಅದನ್ನು ಸರಿಸುವ ಕೊಂಡಿ ತಡಕಾಡಿದರೂ ಅಪ್ಪನ ಕೈಗೆ ಸಿಗಲಿಲ್ಲ. ಹಾಗೇ ತುರುಕಿಕೊಂಡು ಕೂತ. ಮೊಣಕಾಲುಗಳು ಎದೆಗೆ ಒತ್ತಿದವು. ಹೆಣ ಹೊತ್ತವರು ಹೆಗಲು ಬದಲಿಸುತ್ತ ಕಾದರು. ಅವನು ಜೇಬಿನಿಂದ ಮಡಚಿದ ಕರವಸ್ತ್ರ ತೆಗೆದು, ಕೊಡವಿ, ಸ್ಟೀರಿಂಗ್ ಮೇಲೆ ಹಾಸಿ, ಬಟ್ಟೆಯ ಮೇಲಿಂದ ಎರಡೇ ಬೆರಳಲ್ಲಿ ಹಿಡಿದ.