ಅಕ್ಕ ಕತ್ತರಿಸಿ ಕಳಿಸಿದ ಚಿತ್ರ

ಕಂಪ್ಯೂಟರ್ ಸ್ಕ್ರೀನಿನ ಚಿತ್ರ ಹಿಡಿದು, ಬೇಡದ್ದನ್ನು ಕತ್ತರಿಸಿ ಕಳಿಸುವ ಆ ಪುಟ್ಟ ತಂತ್ರಾಂಶವನ್ನು ತಮ್ಮ ಒಬ್ಬನೇ ಕೂತು ಬರೆದಿದ್ದ. ಅದನ್ನು ತಲೆ ಮೇಲೆ ಹೊತ್ತು ಮೆರೆಸಿದವಳು ಅವನ ಅಕ್ಕ. ಕಿಟಕಿ ಪರದೆ ಹೊಲಿಯುವ ತನ್ನ ಅಂಗಡಿಗೆ ಬಂದವರಿಗೆಲ್ಲ, ಕೇಳಲಿ ಬಿಡಲಿ, "ನಮ್ ಹುಡುಗ ಮಾಡಿದ್ದು" ಎಂದು ತೋರಿಸುತ್ತಿದ್ದಳು.

ಒಂದು ಮಧ್ಯಾಹ್ನ ಅದನ್ನು ಬಳಸುವ ಮೇಷ್ಟ್ರೊಬ್ಬರು ದೂರು ಬರೆದರು: ಚಿತ್ರವನ್ನು ಎಷ್ಟು ಕತ್ತರಿಸಿದರೂ ಫೈಲಿನ ಗಾತ್ರ ಇಳಿಯುತ್ತಿಲ್ಲ. ತಮ್ಮ ಮೊದಲು ಮೂಗು ಮುರಿದ. ಆಮೇಲೆ ಸುಮ್ಮನಿರಲಾರದೆ ಕೈಗೆ ಸಿಕ್ಕ ಚಿತ್ರವೊಂದನ್ನು ಬಿಚ್ಚಿ ನೋಡಿದ. ಅವನ ಮನೆಯ ಕಿಟಕಿಗೆಂದು ಅಕ್ಕ ಬೆಳಿಗ್ಗೆಯಷ್ಟೇ ಆರಿಸಿ, ತನ್ನ ಸ್ಕ್ರೀನಿನಿಂದ ಅದೇ ತಂತ್ರಾಂಶದಲ್ಲಿ ಕತ್ತರಿಸಿ ಕಳಿಸಿದ್ದ ನೀಲಿ ಬಟ್ಟೆಯ ಚಿತ್ರ ಅದು.

ದೂರು ನಿಜವಾಗಿತ್ತು. ಉದ್ದ ಚಾಪೆಯ ಮೇಲೆ ಗಿಡ್ಡ ಚಾಪೆ ಹಾಸಿದ ಹಾಗೆ, ಹಳೆಯ ಚಿತ್ರದ ಮೇಲೆ ಹೊಸದನ್ನು ಬರೆದು, ಹೊರಗುಳಿದ ತುದಿಯನ್ನು ಅಳಿಸುವುದನ್ನೇ ಅವನು ಮರೆತಿದ್ದ. ಆ ತುದಿಯಿಂದ ಅಕ್ಕ ಕತ್ತರಿಸಿ ಎಸೆದಿದ್ದ ಭಾಗ ಮೂಡಿತು. ಸ್ಕ್ರೀನಿನಲ್ಲಿ ಬಟ್ಟೆಯ ಕೆಳಗೆ ತೆರೆದಿದ್ದ, ಆಸ್ಪತ್ರೆಯ ನರ್ಸ್ ಜೊತೆಗಿನ ಮಾತುಕತೆ. ಗುರುವಾರ ಗಡ್ಡೆಯ ಆಪರೇಷನ್. ಜೊತೆಗೆ ಯಾರು ಬರುತ್ತಾರೆ ಎಂದು ನರ್ಸ್ ಕೇಳಿದ್ದಳು. ಅಕ್ಕ ಬರೆದಿದ್ದಳು: "ಯಾರೂ ಇಲ್ಲ. ತಮ್ಮನಿಗೆ ಕೆಲಸ ಜಾಸ್ತಿ."

ಅವನಿಗೆ ತಾನು ಮಾಡಿದ ತಪ್ಪಿಗಿಂತ ಆ ಕೊನೆಯ ಮಾತೇ ಹೆಚ್ಚು ಚುಚ್ಚಿತು. ಬಾಯಿಗೆ ಬೀಗ ಹಾಕಿಕೊಂಡರೆ ಅವಳು ಒಬ್ಬಳೇ ಹೋಗುತ್ತಾಳೆ. ಬಾಯಿ ಬಿಟ್ಟರೆ, ಅವಳು ಮೆರೆಸಿದ ವಸ್ತುವೇ ಅವಳ ಗುಟ್ಟು ರಟ್ಟು ಮಾಡಿತೆಂದು ಹೇಳಬೇಕು. ಫೋನ್ ಮಾಡಿ ಎಲ್ಲ ಹೇಳಿಬಿಟ್ಟ.

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಬೇರೆಯವರದ್ದೂ ಹೀಗೇ ಕಾಣುತ್ತಾ?" ಎಂದಳು ಅಕ್ಕ.

"ಕಾಣುತ್ತೆ."

"ಮತ್ತೆ ನನ್ ಹತ್ರ ಏನ್ ಮಾತಾಡ್ತಾ ಕೂತಿದೀಯಾ? ಮೊದ್ಲು ಅವರಿಗೆಲ್ಲ ಹೇಳು."

ಸಂಜೆಯೊಳಗೆ ಅವನು ದೋಷ ಸರಿಪಡಿಸಿದ. ಹಳೆಯ ಚಿತ್ರಗಳನ್ನು ಯಾರಿಗೂ ಕಳಿಸಬೇಡಿ, ಕಳಿಸಿದ್ದರೆ ಅಳಿಸಲು ಹೇಳಿ ಎಂದು ಬಳಸುವವರಿಗೆಲ್ಲ ಬರೆದ. ತಪ್ಪು ನನ್ನದೇ ಎಂದೂ ಸೇರಿಸಿದ. ಬೈಗುಳಗಳು ಬರತೊಡಗಿದವು. ಅವನ್ನು ಹಾಗೇ ಬಿಟ್ಟು ಮತ್ತೆ ಅಕ್ಕನಿಗೆ ಫೋನ್ ಮಾಡಿದ.

"ಗುರುವಾರ ಎಷ್ಟೊತ್ತಿಗೆ ಹೊರಡೋದು?"

"ನಿಂಗೆ ಕೆಲಸ ಇರುತ್ತಲ್ಲೋ. ಈಗಂತೂ ಇನ್ನೂ ಜಾಸ್ತಿ."

"ಎಷ್ಟೊತ್ತಿಗೆ ಅಕ್ಕಾ?"

ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿತು.

"ಏಳಕ್ಕೆ ಬಾ," ಎಂದಳು. "ತಿಂಡಿ ತಿಂದ್ಕೊಂಡೇ ಬಾ. ನಾನು ಖಾಲಿ ಹೊಟ್ಟೇಲಿರ್ಬೇಕಂತೆ, ನೀನ್ಯಾಕೆ ಹಸ್ಕೊಂಡಿರ್ತೀಯಾ."