ಸನ್ನಿವೇಲಿನಲ್ಲಿ ಡಚ್ ಜನರಲ್

ತಾಳಮದ್ದಳೆಯಲ್ಲಿ ಪುರಾಣದ ವೀರರ ಪಾತ್ರವೆಂದರೆ ಜನ ಮುಗಿಬೀಳುತ್ತಾರೆ. ಡಚ್ ಜನರಲ್ ಆಗಬೇಕು ಎಂದಾಗ ಮಾತ್ರ ಅಮೆರಿಕದ ಬೇ ಏರಿಯಾದ ಅರ್ಥಧಾರಿಗಳಿಗೆಲ್ಲ ಒಮ್ಮೆಲೇ ಗಂಟಲು ಕೆಟ್ಟಿತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡಿದ ಮೇಲೆ ಕುಳಿತವರು ತಮ್ಮ ಪಾತ್ರದ ಮಾತನ್ನು ಅಲ್ಲೇ ಹುಟ್ಟಿಸಿ ವಾದಿಸಬೇಕು. ಬೆಂಬಲಕ್ಕೆ ಒಂದು ಶ್ಲೋಕವೂ ಸಿಗದ, ಕೊನೆಗೆ ಸೋಲಲೇಬೇಕಾದ ಪರದೇಶಿಯನ್ನು ಯಾರು ಹೊತ್ತುಕೊಳ್ಳುತ್ತಾರೆ? ಹಾಗಾಗಿ ಅವನು ಜಯಂತಿಯ ಪಾಲಿಗೆ ಬಂದ.

ಉಡುಪಿಯ ಜಯಂತಿಗೆ ಸಾಂಟಾ ಕ್ಲಾರಾದ ಚಿಪ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಇಲ್ಲಿಯ ತಾಳಮದ್ದಳೆ ತಂಡದಲ್ಲಿ ಮಾತ್ರ ಮೈಕು ಜೋಡಿಸುವ ಕೆಲಸ. ಊರಿನಲ್ಲಿ ಹೆಂಗಸರದೇ ತಂಡಗಳು ಎದ್ದು ಎಷ್ಟೋ ಕಾಲವಾಗಿದೆ. ಇಲ್ಲಿಯ ಗಂಡಸರಿಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ.

"ಒಂದು ಸಲ ಕೂತು ನೋಡು ಮಗಾ. ಸುಧಾರಿಸಿದರೆ ಆ ಜಾಗ ನಿಂದೇ. ತಡವರಿಸಿದರೆ ಮತ್ತೆ ನನ್ನನ್ನು ಕೇಳ್ಬೇಡ, ಆಯ್ತಾ?" ಎಂದಿದ್ದರು ಭಾಗವತ ಅಚ್ಯುತ ರಾಯರು.

ಪ್ರಸಂಗ ರಾಯರೇ ಕಟ್ಟಿದ್ದು, ಕಥೆಯೂ ಅವರದೇ ಕಲ್ಪನೆ. ವಾನ್ ಟೆಸ್ಸೆಲ್ ಎಂಬ ಡಚ್ ಜನರಲ್ ಕರಾವಳಿಯ ರಾಣಿಯೊಬ್ಬಳ ಬಂದರನ್ನು ಹಿಡಿದು ಕೋಟೆ ಕಟ್ಟುತ್ತಾನೆ. ರಾಣಿ ಅವನ ಸೈನ್ಯಕ್ಕೆ ಅಕ್ಕಿಯೂ ನೀರೂ ಸಿಗದಂತೆ ಮಾಡಿ ಮಂತ್ರಿಯನ್ನು ಕಳಿಸುತ್ತಾಳೆ. ಕೊನೆಗೆ ಜನರಲ್ ಸೋತು ಆ ಮಂತ್ರಿಗೆ ಕೋಟೆಯ ಬೀಗದಕೈ ಒಪ್ಪಿಸಬೇಕು. ಮಂತ್ರಿಯಾಗಿ ಕೂತವರು ಸಂಪತ್ ಶೆಟ್ಟರು. ಅವರ ನಾಲಿಗೆಗೆ ಸಿಕ್ಕ ಹೊಸಬರು ಮತ್ತೆ ಆ ಕಡೆ ತಲೆ ಹಾಕಿದ್ದಿಲ್ಲ.

ಬೇ ಏರಿಯಾದಲ್ಲೇ ಇರುವ ಡಬ್ಲಿನ್‌ನ ಮನೆಯಿಂದ ಆಫೀಸಿಗೆ ಹೋಗುವ ಫ್ರೀವೇಯಲ್ಲಿ ಜಯಂತಿ ತಿಂಗಳಿಡೀ ಜನರಲ್ ಆಗಿದ್ದಳು. ಪಕ್ಕದ ಕಾರಿನವರು ಅವಳು ಫೋನಿನಲ್ಲಿ ಗಂಡನಿಗೆ ಬೈಯುತ್ತಿದ್ದಾಳೆ ಅಂದುಕೊಂಡಿರಬೇಕು.

ಆ ಭಾನುವಾರ ಸನ್ನಿವೇಲಿನ ದೇವಸ್ಥಾನದ ಸಭಾಂಗಣ ತುಂಬಿತ್ತು. ಪದ ಮುಗಿದೊಡನೆ ಜಯಂತಿ ಪೀಠಿಕೆಗೆ ತೊಡಗಿದಳು. ಹಡಗಿನ ಹಗ್ಗ ಎಳೆಯುತ್ತಿದ್ದ ಬಡ ಹುಡುಗ ಕತ್ತಿ ಹಿಡಿದದ್ದು, ಕೋಟೆಯ ಮೇಲೆ ಕೋಟೆ ಗೆದ್ದು ಜನರಲ್ ಆದದ್ದು, ಎಲ್ಲ ಹೇಳಿದಳು. ಅವನ ಪಾಪವನ್ನೂ ಮುಚ್ಚಿಡಲಿಲ್ಲ.

"ದ್ವೀಪದ ಲವಂಗದ ತೋಟಗಳಿಗೆ ಬೆಂಕಿಯಿಟ್ಟು ಬೆಲೆ ಏರಿಸಿದವ ನಾನು. ಆ ಹೊಗೆಯೇ ನನ್ನ ಕೀರ್ತಿ!"

ಸಭೆಗೆ ಅವನ ಮೇಲೆ ಸಿಟ್ಟು ಬಂತು, ಅವಳ ಮೇಲೆ ಅಭಿಮಾನ ಬಂತು.

ಸಂಪತ್ ಸುಮ್ಮನಿರುವವರೇ? ಒಂದರ ಹಿಂದೊಂದು ಪ್ರಶ್ನೆ ಎಸೆದರು. ಅವಳು ಒಂದನ್ನೂ ನೆಲಕ್ಕೆ ಬೀಳಲು ಬಿಡಲಿಲ್ಲ. ಸರಕು ಮುಗಿಯಿತೋ ಏನೋ, ಅವರು ಸಭೆಯತ್ತ ತಿರುಗಿ ನಕ್ಕರು.

"ಜನರಲ್ಲರ ಧ್ವನಿ ಬಹಳ ತೆಳುವಾಯಿತು. ರಣರಂಗಕ್ಕಲ್ಲ, ಅಡುಗೆಮನೆಗೆ ಹೇಳಿ ಮಾಡಿಸಿದ ಹಾಗಿದೆ."

ಕೆಲವರು ನಕ್ಕರು. ಜಯಂತಿಯನ್ನು ಪಾರುಮಾಡಲು ರಾಯರು ಮುಂದಿನ ಪದಕ್ಕೆ ತಾಳ ಎತ್ತಿದರು. ಅವಳು ಬೇಡವೆಂದು ಕೈ ತೋರಿಸಿದಳು.

"ಮಂತ್ರಿಗಳೇ, ಹೆಣ್ಣಿನ ಧ್ವನಿ ಅಡುಗೆಮನೆಗೆ ಸರಿ ಎಂದಿರಿ. ಹಾಗಾದರೆ ನಿಮ್ಮನ್ನು ಇಲ್ಲಿಗೆ ಕಳಿಸಿದ ಧ್ವನಿ ಯಾರದು? ನನ್ನ ಫಿರಂಗಿಗಳ ಬಾಯಿ ಮುಚ್ಚಿಸಿದ ಅಪ್ಪಣೆ ಯಾರದು? ರಾಣಿಯ ಉಪ್ಪುಂಡು ಹೆಣ್ಣುಕುಲವನ್ನೇ ಹಳಿಯುವ ನೀವು ಆಕೆಯ ದೂತರೋ, ದ್ರೋಹಿಗಳೋ?"

ಈ ಸಲ ಸಭೆ ನಕ್ಕದ್ದು ಸಂಪತ್ ಅವರನ್ನು ನೋಡಿ.

ಬೀಗದಕೈ ಕೊಡದೆ ಕೂತುಬಿಡಲೇ ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಜನರಲ್ ಸೋಲದಿದ್ದರೆ ರಾಯರ ಪ್ರಸಂಗವೇ ಕೆಡುತ್ತದೆ. ಅದು ಅರ್ಥಧಾರಿಗೆ ತಕ್ಕ ಕೆಲಸವಲ್ಲ. ಅವಳು ಬರಿಗೈಯನ್ನು ಮುಂದೆ ಚಾಚಿದಳು.

"ತೆಗೆದುಕೊಳ್ಳಿ, ಕೋಟೆಯ ಬೀಗದಕೈ. ದೇಶದೇಶದ ಗಂಡಸರನ್ನು ಗೆದ್ದು ಬಂದವ ನಾನು, ನಿಮಗೆ ಸೋಲಲಿಲ್ಲ. ನಿಮ್ಮ ರಾಣಿಗೆ ಸೋತೆ. ಹಾಗೆಂದೇ ಆಕೆಗೆ ತಿಳಿಸಿ."

ಸಂಪತ್ ಎರಡೂ ಕೈ ಒಡ್ಡಿದರು, ತಲೆ ತಗ್ಗಿಸಿದರು.

"ಹಾಗೆಂದೇ ತಿಳಿಸುತ್ತೇನೆ" ಎಂದರು.

ಚಪ್ಪಾಳೆ ನಿಲ್ಲುವ ತನಕ ಕಾದು, ಮಂಗಳ ಹಾಡುವ ಮೊದಲೇ ರಾಯರು ಮುಂದಿನ ಪ್ರಸಂಗದಲ್ಲೂ ಜಯಂತಿ ಇದ್ದಾಳೆಂದು ಮೈಕಿನಲ್ಲಿ ಸಾರಿದರು. ಸೋತ ಜನರಲ್ ಎದೆಯುಬ್ಬಿಸಿಕೊಂಡು ಕೂತಿದ್ದಳು.