ಅಂಜಲಿಯ ಹೆಸರಿನ ಎದೆ

ಹುಲಿಹೈದರದ ಕಸ್ತೂರೆಮ್ಮ ಬೇವೂರಿಗೆ ಬಂದದ್ದು ಮಗ ಗಾಳೇಶನಿಗೆ ಗೊತ್ತು ಮಾಡಿದ ಹುಡುಗಿಗೆ ಉಡಿ ತುಂಬಲಿಕ್ಕೆ. ಆದರೆ ಆಕೆಯ ಕಣ್ಣು ಹುಡುಗಿಯ ಮುಖದ ಮೇಲೂ ಇರಲಿಲ್ಲ, ಸೀರೆಯ ಮೇಲೂ ಇರಲಿಲ್ಲ. ಅಂಜಲಿ ನಳದಿಂದ ಒಂದು ಕೊಡ ನೀರು ತಂದು ಇಳಿಸಿದ್ದಳು ಅಷ್ಟೇ, ಅವಳ ಕುತ್ತಿಗೆಯ ಕೆಳಗಿನ ಗುಣಿ ಕಪ್ಪೆಯ ಗಂಟಲಿನ ಹಾಗೆ ಏರಿ ಇಳಿಯುತ್ತಿತ್ತು. ಕಸ್ತೂರೆಮ್ಮ ಅದನ್ನೇ ನೋಡುತ್ತ ಚಹಾ ಕುಡಿದು ಮುಗಿಸಿದಳು.

"ಸಣ್ಣವ್ವಾ, ಚಾ ಛಲೋ ಆಗೈತಿ. ಆದ್ರ ನಿನ್ನ ಮಗಳು ಒಂದು ಕೊಡ ನೀರಿಗೆ ಹಿಂಗ್ಯಾಕ ತೇಕ್ತಾಳ?"

"ನೀವು ಬಂದೀರಂತ ಸಂತೋಷಕ್ಕ ಓಡಿ ಬಂದಾಳ್ರಿ ಬೀಗತಿ," ಎಂದಳು ತಾಯಿ ಸಣ್ಣವ್ವ.

"ಸಂತೋಷಕ್ಕ ನಗ್ತಾರವಾ, ತೇಕೂದಿಲ್ಲ." ಕಸ್ತೂರೆಮ್ಮ ಲೋಟ ಕೆಳಗಿಟ್ಟಳು. "ನಮ್ಮಣ್ಣನ ಸೊಸಿನ್ನ ಹಿಂಗ ಮುಚ್ಚಿ ಕೊಟ್ಟಿದ್ರು. ಎದ್ಯಾಗ ರೋಗ ಇತ್ತು. ಹಡಿಯಾಕ ಹೋದಾಕಿ ತಿರುಗಿ ಬರಲಿಲ್ಲ. ತಾಯಿ ಕೂಸು ಎರಡನ್ನೂ ಒಂದ ಗುಣಿಗೆ ಇಟ್ವಿ. ನನ್ನ ಮನಿಗೆ ಅಂಥ ಮಾಲು ಬ್ಯಾಡ. ಕುಷ್ಟಗಿಯೊಳಗ ಡಾಕ್ಟರು ಬಂದು ಕುಂತಾರಂತ, ಹರೇದ ಹುಡುಗರ ಎದಿಗೆ ಮಶಿನ್ ಹಚ್ಚಿ ನೋಡ್ತಾರಂತ, ಪುಕ್ಕಟೆ. ತೋರಿಸ್ಕೊಂಡು ಬರ್ರಿ. ಏನಿಲ್ಲ ಅಂದ್ರ ಉಡಿ ತುಂಬತೀನಿ."

ತಂದಿದ್ದ ಕೊಬ್ಬರಿ, ಉತ್ತತ್ತಿ, ಕುಬಸ ಎಲ್ಲವನ್ನೂ ಚೀಲಕ್ಕೆ ವಾಪಸು ತುಂಬಿಕೊಂಡು ಆಕೆ ಬಸ್ಸು ಹತ್ತಿದಳು.

ಸಣ್ಣವ್ವನ ಗಂಡ ಪಕ್ಕೀರಪ್ಪ ಕುರಿ ಹೊಡೆದುಕೊಂಡು ಹೊಳೆಸಾಲಿಗೆ ಹೋದವನು, ಮದುವೆಯ ಹಂದರಕ್ಕೆ ಬಂದರೆ ಬಂದ. ಹಾಗಾಗಿ ಈ ಮನೆಯಲ್ಲಿ ವಿಚಾರ ಮಾಡುವಾಕೆಯೂ ಸಣ್ಣವ್ವನೇ, ತೀರ್ಮಾನ ಕೊಡುವಾಕೆಯೂ ಸಣ್ಣವ್ವನೇ. ಅವಳು ಹೆಚ್ಚು ಹೊತ್ತು ತಗೊಳ್ಳಲಿಲ್ಲ. ಅಂಜಲಿ ತೇಕುತ್ತಾಳೆ, ನಿಜ. ಮಶಿನ್ ಹಚ್ಚಿದರೆ ಏನು ಹೊರಬೀಳುತ್ತದೋ ಯಾರಿಗೆ ಗೊತ್ತು? ಆದರೆ ಮನೆಯಲ್ಲಿ ಇನ್ನೊಬ್ಬಳು ಇದ್ದಾಳಲ್ಲ. ಸಣ್ಣಾಕಿ ಅಮೃತಾ, ಮೆಕ್ಕೆಜೋಳದ ಚೀಲವನ್ನು ಗಂಡಸರ ಸಮ ಎತ್ತಿ ಟ್ರ್ಯಾಕ್ಟರಿಗೆ ಒಗೆಯುವಾಕೆ.

"ಅಮ್ರಿ, ನೀ ನಡಿ. ಅಕ್ಕನ ಆಧಾರ್ ಕಾರ್ಡ್ ತಗೋ. ಹೆಸರು ಕೇಳಿದ್ರ ಅಂಜಲಿ ಅನ್ನು."

"ಫೋಟೋ ನೋಡಂಗಿಲ್ಲೇನು ಯವ್ವಾ?"

"ಆಧಾರ್ ಫೋಟೋದಾಗ ನಾವು ನೀವು ಎಲ್ಲಾರೂ ಒಂದ ನಮೂನಿ ಕಳ್ಳರಂಗ ಕಾಣ್ತೀವಿ. ನಡಿ."

ಅಂಜಲಿ ನಕ್ಕು ತಂಗಿಯ ಕೆನ್ನೆ ಹಿಂಡಿದಳು. "ನನ್ನ ಎದಿ ಹುಷಾರಿಲೆ ಹೊತ್ಕೊಂಡು ಬಾ ಮತ್ತ. ದಾರ್ಯಾಗ ಚೆಲ್ಲಬ್ಯಾಡ."

ಕುಷ್ಟಗಿಯ ಬಸ್ ಸ್ಟ್ಯಾಂಡಿನ ಹಿಂದೆ ಎರಡು ಕೋಣೆ ಹಿಡಿದು ಡಾಕ್ಟರ್ ಗೋವಿಂದರಾಜ ಕೆಲಸ ನಡೆಸಿದ್ದರು. ಗಂಗಾವತಿ ಕಡೆಯ ಮನುಷ್ಯ, ಮಾತು ಮೆತ್ತಗೆ. ಬಂದವರಿಗೆಲ್ಲ ಬೇಸರವಿಲ್ಲದೆ ಹೇಳುತ್ತಿದ್ದರು: "ನೋಡ್ರಿ, ಇದು ಒಂದು ಸಂಶೋಧನೆ. ಸಣ್ಣವರಿದ್ದಾಗ ಗಂಟಲು ಬೇನಿ ಬಂದು, ಜ್ವರ ಬಂದು, ಕೀಲು ಬಾತು, ಹೋದ ಮ್ಯಾಲೆ ಅದು ಎದ್ಯಾಗ ಕುಂದರ್ತೈತಿ. ಎದ್ಯಾಗ ರಕ್ತ ಹಾಯೋ ಬಾಗಿಲ ಇರ್ತಾವು, ಅವು ಬಿಗಿತಾವು. ಅದನ್ನ ಮೊದಲ ಹುಡುಕಿ, ತಿಂಗಳಿಗೊಂದು ಸೂಜಿ ಕೊಟ್ರ ರೋಗ ಎಷ್ಟು ನಿಲ್ತೈತಿ ಅಂತ ನೋಡಾಕ ಹತ್ತೀವಿ."

ಅಮೃತಾ ಎಡಮಗ್ಗುಲಾಗಿ ಮಲಗಿದಳು. ಎದೆಗೆ ತಣ್ಣನೆಯ ಅಂಟು ಹಚ್ಚಿ, ಡಾಕ್ಟರು ಕೈಯಲ್ಲಿದ್ದ ಗುಂಡಿಯನ್ನು ಮೆಲ್ಲಗೆ ಸರಿಸತೊಡಗಿದರು. ಪರದೆಯ ಮೇಲೆ ಬೂದುಬಣ್ಣದ್ದೊಂದು ಜೀವ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಒಂದು ಕಡೆ ಅವರ ಕೈ ನಿಂತಿತು.

"ಅಂಜಲಿ, ಸಣ್ಣಾಕಿದ್ದಾಗ ಮಣಕಾಲು ಬಾತಿದ್ದವೇನವ್ವಾ?"

"ಹೂಂರಿ. ಭಾಳ ದಿನ ನಡಿಲಿಲ್ಲ."

"ಕೆಲಸ ಮಾಡುಮುಂದ ತೇಕು ಹತ್ತತೈತೇನು?"

ಅಮೃತಾ ಬಾಗಿಲ ಬಳಿ ನಿಂತ ತಾಯಿಯನ್ನು ನೋಡಿದಳು. ಹತ್ತುತ್ತಿತ್ತು. ಚೀಲ ಒಗೆದಾದ ಮೇಲೆ ಟ್ರ್ಯಾಕ್ಟರಿನ ಹಿಂದೆ ಹೋಗಿ, ಯಾರಿಗೂ ಕಾಣದಂತೆ ಬಾಯಿಗೆ ಸೆರಗು ಒತ್ತಿಕೊಂಡು ನಿಲ್ಲುತ್ತಿದ್ದಳು. ಆದರೆ ಆ ಮನೆಯಲ್ಲಿ ತೇಕುವ ಹಕ್ಕು ಅಕ್ಕನಿಗಷ್ಟೇ ಇತ್ತು.

"ಒಂದೀಟು ಹತ್ತತೈತ್ರಿ," ಎಂದಳು.

ಒಂದು ಬಾಗಿಲು ಬಿಗಿದಿದೆ, ಈಗಲೇ ಸೂಜಿ ಶುರು ಮಾಡಿದರೆ ಬದುಕಿಗೆ ಭಯವಿಲ್ಲ, ಬಿಟ್ಟರೆ ಇನ್ನೂ ಬಿಗಿಯುತ್ತದೆ, ನಮ್ಮನ್ನು ಕೇಳದೆ ಬಸಿರಾದರೆ ಜೀವಕ್ಕೇ ಬರುತ್ತದೆ. ಡಾಕ್ಟರು ಇಷ್ಟನ್ನು ಬಿಡಿಸಿ ಹೇಳಿ, ಮೊದಲ ಸೂಜಿಯನ್ನು ಅಂದೇ ಕೊಡಿಸಿದರು. ಸಣ್ಣವ್ವ ಎಲ್ಲಕ್ಕೂ ಹೂಂ ಹೂಂ ಎಂದಳು. ಹೊರಗೆ ಬಂದು, ಜನರ ಎದುರೇ ಮಗಳ ಬೆನ್ನಿಗೆ ಗುದ್ದಿದಳು.

"ನಿನಗ ಇದನ್ನ ಇಟ್ಕೊಳ್ಳಾಕ ಬ್ಯಾರೆ ಜಾಗ ಸಿಗಲಿಲ್ಲೇನ? ಅಕ್ಕನ ಹೆಸರಿಗೆ ಮಸಿ ಹಚ್ಚಿ ಎದ್ದು ಬಂದೆಲ್ಲ!"

"ಯವ್ವಾ, ರೋಗ ನಂದು."

"ಹೆಸರು ಯಾರ್ದು? ಬಾಯಿ ಮುಚ್ಚು. ಮದುವಿ ಆಗಲಿ, ಆಮ್ಯಾಲೆ ನಿನ್ನ ಸೂಜಿ, ನಿನ್ನ ದಬ್ಬಣ ಎಲ್ಲಾ ನೋಡೂಣು."

ಹುಲಿಹೈದರಕ್ಕೆ ಫೋನು ಹೋಯಿತು: ಏನಿಲ್ಲಂತ್ರಿ ಬೀಗತಿ, ಎದಿ ಕಲ್ಲು ಇದ್ದಂಗೈತಂತ. ಕಸ್ತೂರೆಮ್ಮ ಬಂದು ಉಡಿ ತುಂಬಿದಳು. ಆಣೆ ಹಾಕು ಎಂದದ್ದಕ್ಕೆ ಸಣ್ಣವ್ವ ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಹಾಕಿದಳು. ಯಾವ ಮಗಳ ತಲೆ ಎಂದರೆ, ಹತ್ತಿರ ನಿಂತಿದ್ದ ಅಮೃತಾಳ ತಲೆ.

ಅಮೃತಾ ಬಾಯಿ ಮುಚ್ಚಿಕೊಂಡಳು, ಆದರೆ ಸೂಜಿ ಬಿಡಲಿಲ್ಲ. ಕುಷ್ಟಗಿಯಲ್ಲಿ ಹೊಲಿಗೆ ಕಲಿಯುತ್ತೇನೆಂದು ಹೇಳಿ ತಿಂಗಳಿಗೊಮ್ಮೆ ಹೋಗಿ ಅಂಜಲಿಯಾಗಿ ಬೆಂಚಿನ ಮೇಲೆ ಕೂರುತ್ತಿದ್ದಳು. ಅಲ್ಲಿಯ ನರ್ಸಮ್ಮ "ಊಟ ಆತೇನ ಅಂಜಲಿ? ಕಾಲು ಬಾವು ಬಂದಾವೇನ?" ಎಂದು ಕೇಳುತ್ತಿದ್ದಳು. ಸೊಂಟಕ್ಕೆ ಬಿದ್ದ ಸೂಜಿ ಎರಡು ದಿನ ಕುಂಟಿಸುತ್ತಿತ್ತು. ಆದರೂ ತನ್ನ ಮೈಯನ್ನು ಯಾರೋ ಒಬ್ಬರು ವಿಚಾರಿಸುತ್ತಾರಲ್ಲ ಎಂದು ಅವಳಿಗೆ ಆ ಬೆಂಚಿನ ಮೇಲೆ ಒಂದು ನಮೂನೆ ಸಮಾಧಾನ.

ಮದುವೆಯ ಹಪ್ಪಳ, ಶಾವಿಗೆ ಶುರುವಾದಾಗ ಸಣ್ಣವ್ವ ಹೊಲಿಗೆ ಬಿಡಿಸಿದಳು. ಆ ತಿಂಗಳ ಸೂಜಿ ತಪ್ಪಿತು.

ಸೂಜಿ ತಪ್ಪಿಸಿದವರನ್ನು ಮನೆತನಕ ಹೋಗಿ ವಿಚಾರಿಸುವುದು ಡಾಕ್ಟರ ಕಡೆಯ ಪದ್ಧತಿ. ಅದಕ್ಕೆಂದೇ ಮಾಂತೇಶ ಎಂಬವನಿದ್ದ. ಹೆಸರು ಮಾತ್ರ ಕೇಳು, ಬೇನೆಯ ಸುದ್ದಿ ತೆಗೆಯಬೇಡ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ಅವನೂ ಬೇವೂರಿನ ಚಹಾದಂಗಡಿಯಲ್ಲಿ ಮೊದಲು ಹೆಸರಷ್ಟೇ ಕೇಳಿದ.

"ಯಣ್ಣಾ, ಅಂಜಲಿ ಅನ್ನೋರ ಮನಿ ಯಾವ್ದು?"

"ಯಾವ ಅಂಜಲಿ? ಈ ಓಣಿಯೊಳಗ ನಾಕು ಮಂದಿ ಅದಾರ. ಒಬ್ಬಾಕಿ ಇನ್ನೂ ಹಾಲು ಕುಡೀತಾಳ."

"ಅದ... ಕುಷ್ಟಗಿಗೆ ಎದಿ ಸೂಜಿಗೆ ಬರ್ತಾರಲ್ಲ, ಅವ್ರು."

ಎದೆ ತೋರಿಸಲು ಕುಷ್ಟಗಿಗೆ ಹೋಗಿದ್ದವರು ಇವರೇ ಎಂದು ಅಂಗಡಿಯವನು ಸಣ್ಣವ್ವನ ಮನೆ ತೋರಿಸಿದ. ಮಾಂತೇಶ ಆ ಮನೆಯ ಕಟ್ಟೆ ಹತ್ತುವ ಮೊದಲೇ ಆ ಮಾತು ಫೋನಿನಲ್ಲಿ ಹುಲಿಹೈದರ ಮುಟ್ಟಿತ್ತು.

ಮರುದಿನ ಕಸ್ತೂರೆಮ್ಮ ಬಂದಳು. ಒಳಗೆ ಕಾಲಿಡಲಿಲ್ಲ, ಅಂಗಳದಲ್ಲಿಯೇ ನಿಂತಳು.

"ಸಣ್ಣವ್ವಾ, ಎದಿ ಕಲ್ಲು ಅಂದಿದ್ದೆಲ್ಲ, ಕಲ್ಲಿಗ್ಯಾರು ಸೂಜಿ ಚುಚ್ಚತಾರವಾ?"

"ಸುಳ್ಳ ಸುದ್ದಿರಿ ಬೀಗತಿ, ಆಗದವರು ಹಬ್ಬಿಸ್ಯಾರ್ರಿ!"

"ಹಂಗಾದ್ರ ನಡಿ, ನನ್ನ ಕಣ್ಣ ಮುಂದ ಮಶಿನ್ ಹಚ್ಚಲಿ. ಒಂದು ಮಾತು ಕೇಳು. ಈಕಿಗೆ ಇದ್ರೂ ಬ್ಯಾಡ, ಈಕಿ ತಂಗಿಗೆ ಇದ್ರೂ ಬ್ಯಾಡ. ಒಬ್ಬಾಕಿ ಎದಿ ಕೊಳೆತೈತಿ ಅಂದ್ರ ಆ ಮನಿ ರಕ್ತನ ಕೊಳೆತೈತಿ. ನನ್ನ ಮೊಮ್ಮಕ್ಕಳಿಗೆ ಆ ರಕ್ತ ಬ್ಯಾಡ."

ಬಸ್ಸಿನಲ್ಲಿ ಹಿರಿಯರಿಬ್ಬರೂ ಮುಂದೆ ಕೂತರು, ಅಕ್ಕ ತಂಗಿ ಹಿಂದೆ.

"ಅಕ್ಕಾ," ಎಂದಳು ಅಮೃತಾ, "ಡಾಕ್ಟರು ಕೇಳಿದ್ರ ನಾ ಸುಳ್ಳು ಹೇಳಂಗಿಲ್ಲ. ಸೂಜಿ ಬಿಟ್ರ ಬಾಗಿಲ ಇನ್ನೂ ಬಿಗಿತೈತಂತ. ಒಂದು ಆಗಲೇ ತಪ್ಪೈತಿ."

ಅಂಜಲಿ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. ಮೆಹಂದಿ ಹಚ್ಚಿದ ಕೈ ತೊಡೆಯ ಮೇಲಿತ್ತು. ಪಲ್ಯಕ್ಕೆ ಉಪ್ಪು ಹಾಕಿದೆಯಾ ಎಂದು ಕೇಳುವಷ್ಟು ಸಹಜವಾಗಿ ಹೇಳಿದಳು:

"ನೀ ಹೆಂಗೂ ಸಾಯಾಕಿ ಅಮ್ರಿ. ನಾನರ ಬಾಳ್ವಿ ಮಾಡ್ತೀನಿ, ಬಿಡು."

ಗೋವಿಂದರಾಜರು ಅಂಜಲಿಯ ಎದೆಗೆ ಮಶಿನ್ ಹಚ್ಚಿದರು. ಕಸ್ತೂರೆಮ್ಮ ಮಂಚದ ಕಾಲಿಗೇ ನಿಂತಿದ್ದಳು. ನೋಡಲಿ ಬಿಡ್ರಿ ಎಂದು ಅಂಜಲಿಯೇ ಹೇಳಿದ್ದಳು. ಎದೆಯ ಬಾಗಿಲುಗಳೆಲ್ಲ ಸಲೀಸಾಗಿ ತೆರೆದು ಮುಚ್ಚುತ್ತಿದ್ದವು. ಡಾಕ್ಟರು ಕಣ್ಣುರೆಪ್ಪೆ ಎಳೆದು ನೋಡಿ, "ಎದಿಗೇನೂ ಆಗಿಲ್ಲ. ರಕ್ತ ಕಮ್ಮಿ ಐತಿ, ಅದಕ್ಕ ತೇಕ್ತಾಳ. ಗುಳಿಗಿ ಕೊಡ್ತೀನಿ," ಎಂದರು.

"ಮತ್ತ ನಿಮ್ಮ ಮನಿಶಾ ಈಕಿನ್ನ ಹುಡುಕ್ಕೊಂತ ಯಾಕ ಬಂದಿದ್ದ?"

ಡಾಕ್ಟರು ಅಂಟು ಒರೆಸಿದ ಅರಿವೆ ಬದಿಗಿಟ್ಟರು. ಗೋಡೆಗೆ ಅಂಟಿ ನಿಂತ ಅಮೃತಾಳನ್ನು ಅವರು ಬಂದಾಗಲೇ ಗುರುತಿಸಿದ್ದರು.

"ನಮ್ಮ ಕಡಿಂದ ಹೆಸರು ಅದಲು ಬದಲು ಆಗಿರಬೇಕ್ರಿ," ಎಂದರು. "ತಾಯಿ, ನೀವಿಬ್ಬರೂ ಹೊರಗ ಕುಂದರ್ರಿ. ಗುಳಿಗಿ ವಿಚಾರ ಈ ತಂಗಿ ಕೂಡ ಒಂದು ಮಾತು ಆಡೋದೈತಿ."

ಸಣ್ಣವ್ವ ಹೊರಟವಳು ಹೊಸ್ತಿಲಲ್ಲೇ ತಿರುಗಿ ನಿಂತಳು. ಅಂಜಲಿ ತಂಗಿಯ ಕೈ ಹಿಡಿದುಕೊಂಡಳು. "ಆಕಿ ಭಾಳ ಅಂಜುಬುರುಕಿರಿ ಸರ್. ನಾ ಇದ್ರ ಧೈರ್ಯ." ತಾಯಿಯ ಭಯಕ್ಕೆ ಹುಡುಗಿ ಬಾಯಿ ಬಿಡುತ್ತಿಲ್ಲ, ಒಡಹುಟ್ಟಿದವಳಿದ್ದರೆ ಬಿಟ್ಟಾಳು ಎಂದುಕೊಂಡರು ಡಾಕ್ಟರು. ಅಂಜಲಿಯನ್ನು ಇರಗೊಟ್ಟು ಬಾಗಿಲು ಹಾಕಿದರು.

"ಬೈಯಂಗಿಲ್ಲ, ಯಾರಿಗೂ ಹೇಳಂಗೂ ಇಲ್ಲ," ಎಂದರು. "ಬ್ಯಾರೆ ಹೆಸರು ಹೇಳಿದ್ದಕ್ಕ ಈ ಸಂಶೋಧನೆಯೊಳಗಿಂದ ನಿನ್ನ ತಗೀಬೇಕಾಗ್ತೈತಿ, ಖರೆ. ಆದ್ರ ನಿನ್ನ ಹೆಸರಿಲೆ ಹೊಸದಾಗಿ ನೋಡಿ, ದೊಡ್ಡಾಸ್ಪತ್ರಿಯೊಳಗ ಸೂಜಿ ಚಾಲು ಮಾಡಿಸ್ತೀನಿ. ಆ ದಿನ ಇಲ್ಲಿ ಮಲಗಿದಾಕಿ ನೀನ ಹೌದಲ್ಲೊ?"

ಅಮೃತಾ ಬಾಯಿ ತೆರೆದಳು. ಅಂಜಲಿಯ ಹೆಬ್ಬೆರಳು ಅವಳ ಅಂಗೈಯನ್ನು ಮೆಲ್ಲಗೆ ಸವರುತ್ತಿತ್ತು, ಸಣ್ಣವರಿದ್ದಾಗ ಜ್ವರ ಬಂದರೆ ಸವರುತ್ತಿದ್ದ ಹಾಗೆಯೇ.

"ಹೇಳು ಅಮ್ರಿ," ಎಂದಳು ಅಕ್ಕ. "ನಾ ಬ್ಯಾಡ ಅಂತೀನೇನು? ನಿನ್ನ ಬಾಯಿ, ನಿನ್ನ ಜೀವ. ಯವ್ವ ಹೊರಗ ಕುಂತಾಳ, ಬೀಗತಿ ಕುಂತಾರ. ಮೂರೂರಿಗೆ ಲಗ್ನಪತ್ರ ಹಂಚೈತಿ. ಹೇಳು, ಹೇಳು."

ಆ ದನಿಯಲ್ಲಿ ಒಂದು ಕಡೆಯೂ ಒರಟಿರಲಿಲ್ಲ. ಡಾಕ್ಟರಿಗೆ ಅದು ಧೈರ್ಯ ತುಂಬುವ ಮಾತಿನಂತೆಯೇ ಕೇಳಿಸಿತು. ಅವರು ತಲೆಯಾಡಿಸಿದರು.

"ನೀ ಹೂಂ ಅನ್ನದ ನಾ ಮುಟ್ಟಂಗಿಲ್ಲವ್ವಾ. ಇದು ನಿನ್ನ ಇಚ್ಛಾದ ಮ್ಯಾಲೆ. ಮಶಿನ್ ಹಚ್ಚಲೇನು?"

ಮಂಚ, ಮಶಿನ್ನು, ಅಂಟಿನ ಡಬ್ಬಿ ಎಲ್ಲ ಅಲ್ಲೇ, ಎರಡು ಹೆಜ್ಜೆಯಾಚೆ ಇದ್ದವು. ಅಮೃತಾ ಅವುಗಳನ್ನು ನೋಡಿದಳು. ಅಕ್ಕನ ಮುಖ ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಕಾಯುವಿಕೆ ಇತ್ತು. ಸಾಲಿನಲ್ಲಿ ತಮ್ಮ ಮುಂದಿರುವವಳು ಯಾವಾಗ ಎದ್ದು ಹೋಗುತ್ತಾಳೋ ಎಂದು ಕಾಯುವವರ ಮುಖ.

"ಬ್ಯಾಡ್ರಿ," ಎಂದಳು ಅಮೃತಾ. "ಅದು ನಾ ಅಲ್ರಿ."

"ಯಾರರ ಜುಲುಮಿ ಮಾಡ್ಯಾರೇನು ನಿನಗ?"

"ಇಲ್ರಿ. ಯಾರೂ ಇಲ್ಲ."

ಡಾಕ್ಟರು ಅಂಟಿನ ಡಬ್ಬಿ ಮುಚ್ಚಿದರು. ಆಮೇಲೆ ಚೀಟಿಯ ಮೇಲೆ ತಮ್ಮ ಫೋನ್ ನಂಬರು ಬರೆದು, "ಯಾವಾಗ ಮನಸ್ಸಾದ್ರೂ ಹಚ್ಚು," ಎಂದು ಚಾಚಿದರು. ಅಂಜಲಿಯೇ ಕೈನೀಡಿ ಅದನ್ನು ತೆಗೆದುಕೊಂಡಳು. "ಆಕಿ ಕಳ್ಕೊಂತಾಳ್ರಿ ಸರ್, ನನ್ನ ಹಂತ್ಯಾಕ ಇರಲಿ," ಎಂದು ಕುಬಸದೊಳಗೆ ಸಿಗಿಸಿಕೊಂಡಳು.

ಹೊರಗೆ ಬೇವಿನ ಗಿಡದ ನೆರಳಲ್ಲಿ ಸಣ್ಣವ್ವ ಬೀಗತಿಯ ಕೈಗೆ ಎಲೆಯಡಿಕೆ ಕೊಡುತ್ತಿದ್ದಳು. ಕಸ್ತೂರೆಮ್ಮನ ಮುಖ ಹಬ್ಬವಾಗಿತ್ತು. ತಾನೇ ತಪ್ಪು ತಿಳಿದೆನೆಂದು ಬಾಯಿ ತುಂಬ ಹೇಳಿಕೊಂಡಳು. ಅಂಜಲಿಯ ಗಲ್ಲ ಹಿಡಿದು ಲಟಿಕೆ ಮುರಿದಳು. ಆಮೇಲೆ ಹಿಂದೆ ನಿಂತ ಅಮೃತಾಳನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ಅಳೆದಳು.

"ಸಣ್ಣವ್ವಾ, ನಿನ್ನ ಮನಿ ಮ್ಯಾಲೆ ಇಷ್ಟು ಅನುಮಾನ ಪಟ್ನೆಲ್ಲ, ಅದರ ಪಾಪ ಹೆಂಗ ಕಳೀಲಿ? ನಮ್ಮ ಸಣ್ಣ ಹುಡುಗ ಯಂಕೇಶ ಅದಾನಲ್ಲ. ಇದ ಹಂದರದಾಗ ಈಕಿನ್ನೂ ಅವಗ ತಗೊಂತೀವಿ. ಒಂದ ಖರ್ಚಿನ್ಯಾಗ ಎರಡು ಮದುವಿ. ಮಶಿನ್ ಬ್ಯಾಡ, ಗಿಶಿನ್ ಬ್ಯಾಡ. ವರ್ಷ ತುಂಬೂದ್ರೊಳಗ ಇಬ್ಬರ ಉಡಿಯೊಳಗೂ ಕೂಸು ಆಡಲಿ."

ಸಣ್ಣವ್ವ ಒಂದು ಕ್ಷಣ ಸಣ್ಣ ಮಗಳ ಕಡೆ ನೋಡಿದಳು. ಒಂದೇ ಕ್ಷಣ. ಆಮೇಲೆ ಎರಡೂ ಕೈ ಜೋಡಿಸಿದಳು.

"ನೀವು ದೇವರಂಥವರ್ರಿ ಬೀಗತಿ. ಲೇ ಅಮ್ರಿ, ನಿಂತೀಯಲ್ಲ ಗೂಟದಂಗ, ಅತ್ತಿ ಕಾಲಿಗೆ ಬೀಳು."

ಅಮೃತಾ ಬಾಗಿದಳು. ಹಣೆ ಮುಟ್ಟಿಸಿ ಮೇಲೇಳುವಾಗ ಉಸಿರು ಅರ್ಧದಲ್ಲಿ ಸಿಕ್ಕಿಕೊಂಡಿತು. ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಮೊಣಕಾಲೂರಿ ಕೂತಳು. ಎದೆ ಸೆರಗಿನಡಿ ದಡದಡನೆ ಎದ್ದು ಬೀಳುತ್ತಿತ್ತು.

"ಅಯ್ಯ, ನೋಡ್ರವಾ ಇದನ್ನ!" ಕಸ್ತೂರೆಮ್ಮ ಚಪ್ಪಾಳೆ ತಟ್ಟಿ ನಕ್ಕಳು. "ಗಂಡನ ಹೆಸರು ಕೇಳಿದ್ದಕ್ಕ ಹುಡುಗಿಗೆ ಎಷ್ಟು ನಾಚಿಕಿ!"

ಎಲ್ಲರಿಗಿಂತ ಜೋರಾಗಿ ಅಂಜಲಿ ನಕ್ಕಳು.